ಎರಡು ಮೂತಿಯ ದೋಣಿ

ಬಂದರಿನ ಧಕ್ಕೆಯ ಮೇಲೆ ಸುಣ್ಣದಲ್ಲಿ ಬರೆದ ಒಂದು ಗುರುತು ಉಂಟು.
ತಿಂಗಳಿಗೊಮ್ಮೆ ಅದರ ಮೇಲೆ ಮುಕ್ಕಾಲಿ ನಿಲ್ಲಿಸಿ
ಎದುರಿನ ಬೆಂಗ್ರೆಯನ್ನು ತೆಗೆಯುವುದು ನನ್ನ ಕೆಲಸ,
ಅಳಿವೆಬಾಗಿಲಿನಿಂದ ಹಿಡಿದು ಐಸ್ ಪ್ಲಾಂಟಿನ ಟ್ಯಾಂಕಿಯವರೆಗೆ
ಇಪ್ಪತ್ತಮೂರು ಫೋಟೋ.
ಮರಳು ಎಷ್ಟು ಸರಿಯಿತು ಎಂದು ಮೀನುಗಾರರ ಸಂಘಕ್ಕೆ
ಒಂದೇ ಉದ್ದ ಚಿತ್ರದಲ್ಲಿ ತೋರಿಸಬೇಕು.
ಸಂಬಳ ಅಷ್ಟಕ್ಕಷ್ಟೆ. ತಂತ್ರಾಂಶ ಬಿಟ್ಟಿ, ಹ್ಯೂಗಿನ್ ಅಂತ.
ಬಿಟ್ಟಿ ಎಂದರೆ
ನಿದ್ದೆಯಲ್ಲಿ ತೆರಬೇಕು ಎಂದರ್ಥ.

ಮೊದಲ ರಾತ್ರಿ ಸ್ಕ್ರಿಪ್ಟು ಒಂದಾದ ಮೇಲೆ ಹತ್ತನ್ನು ಕರೆಯಿತು,
ಆಮೇಲೆ ಹನ್ನೊಂದು, ಹನ್ನೆರಡು,
ಹತ್ತೊಂಬತ್ತು ಮುಗಿದ ಮೇಲೆ ನೆನಪಾಗಿ ಎರಡು.
ಅಂಗನವಾಡಿಯ ಮಗುವೂ ಹೀಗೆ ಎಣಿಸುವುದಿಲ್ಲ.
ಮಸೀದಿ ಹೋಗಿ ಕಡಲಲ್ಲಿ ನಿಂತಿತ್ತು,
ಕಡಲು ಟ್ಯಾಂಕಿಯ ತಲೆ ಮೇಲೆ.
ಒಂಟಿ ಅಂಕಿಗಳ ಎಡಕ್ಕೆ ಒಂದೊಂದು ಸೊನ್ನೆ ಕೂರಿಸಿದೆ,
ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ ಎಂದು
ಶಾಲೆಯಲ್ಲಿ ಹೇಳಿಕೊಟ್ಟಿದ್ದರು.
ಊರು ಎದ್ದು ತನ್ನ ಜಾಗಕ್ಕೆ ಬಂತು.

ಎರಡನೆಯ ರಾತ್ರಿ ಗುರುತು ಹುಡುಕುವುದು.
ಈ ಫೋಟೋದ ಈ ಚುಕ್ಕಿ, ಆ ಫೋಟೋದ ಆ ಚುಕ್ಕಿ
ಎರಡೂ ಒಂದೇ ಎಂದು ಯಂತ್ರ ಆಣೆ ಇಡಬೇಕು.
ಅದು ಹೋಗಿ ಹೋಗಿ ನೊರೆಯನ್ನು ಹಿಡಿಯಿತು!
ಒಂದು ನೊರೆ ಇನ್ನೊಂದರ ಹಾಗೆಯೇ ಅಲ್ಲವಾ,
ನೂರಾ ಎಂಬತ್ತು ಸಾಕ್ಷಿ, ಎಲ್ಲ ನೀರಿನ ಮೇಲೆ.
ದಿಗಂತ ಹಳೆಯ ಹಗ್ಗದ ಮಂಚದಂತೆ ಜೋತುಬಿತ್ತು.
ಮೋಡವನ್ನು ನಂಬಬೇಡ ಎನ್ನಲಿಕ್ಕೆ ಅದರಲ್ಲೇ ಉಪಾಯ ಉಂಟು,
ನೀರನ್ನು ನಂಬಬೇಡ ಎನ್ನಲಿಕ್ಕೆ ಸಿಗಲಿಲ್ಲ.
ಬರೆದವರ ಊರಲ್ಲಿ ಕಡಲು ಇರಲಿಲ್ಲವೋ ಏನೋ.
ಕೈಯಲ್ಲೇ ಅಳಿಸಿದೆ, ಒಂದೊಂದಾಗಿ:
ನೊರೆ, ತೆಂಗಿನ ಗರಿ, ಒಣಗಲು ಹಾಕಿದ ಬಲೆ, ಕಾಗೆ.
ಕೊನೆಗೆ ಉಳಿದದ್ದು ಮಿನಾರು, ಟ್ಯಾಂಕಿ, ಮೊಬೈಲ್ ಟವರು,
ಮತ್ತೆ ಯಾರದೋ ಮನೆಯ ಒಡೆದ ಹಂಚಿನ ಮೂಲೆ.
ಅದರ ಮೇಲೆ ಇಡೀ ಬೆಂಗ್ರೆ ನಿಂತಿತು.

ಕೆಳಗಿನ ಮನೆಯ ರೆಮಿಜಿಯಸ್ ಅಂಕಲ್
ಹಿಂದೆ ಹಂಪನಕಟ್ಟೆಯ ಸ್ಟುಡಿಯೋದಲ್ಲಿ
ಮದುವೆಯ ಗ್ರೂಪ್ ಫೋಟೋ ಬ್ಲೇಡಿನಲ್ಲಿ ಕುಯ್ದು ಅಂಟಿಸುತ್ತಿದ್ದವರು.
ಕನ್ನಡಕ ಏರಿಸಿ ಪರದೆ ನೋಡಿದರು:
"ಗೋಡೆ ಇದ್ದಲ್ಲಿ ಕುಯ್ಯಬೇಕು ಬಾಯಿ, ಮನುಷ್ಯರು ಇದ್ದಲ್ಲಿ ಅಲ್ಲ.
ನಾನೊಮ್ಮೆ ಮದುಮಗಳ ಅಣ್ಣನಿಗೆ ಮೂರು ಕೈ ಕೊಟ್ಟಿದ್ದೆ.
ಆ ಮನೆಯವರು ಇವತ್ತಿಗೂ ಮಾತಾಡುವುದಿಲ್ಲ."

ಮೂರನೆಯ ರಾತ್ರಿ, ಹರಾಜಿನ ಸದ್ದು ಸುರುವಾಗುವ ಹೊತ್ತಿಗೆ,
ತಪ್ಪಿಲ್ಲದೆ ಮುಗಿಯಿತು.
ತಪ್ಪಿಲ್ಲ ಎಂದು ಅದು ಹೇಳಿದ್ದು.
ನೋಡಿದರೆ ನದಿಯ ನಡುವೆ ಇದ್ದಿನಬ್ಬರ ದೋಣಿ
ಈ ಕಡೆಗೊಂದು ಮೂತಿ, ಆ ಕಡೆಗೊಂದು ಮೂತಿ,
ಅರ್ಧ ಜನ ಬಂದರಿಗೆ ಮುಖಮಾಡಿ, ಅರ್ಧ ಜನ ಬೆಂಗ್ರೆಗೆ,
ನಡುವೆ ಚುಕ್ಕಾಣಿಯೂ ಇಲ್ಲ, ಹಿಡಿಯುವವರೂ ಇಲ್ಲ.
ಎಂಟನೆಯ ಫೋಟೋ ಆದ ಮೇಲೆ ಬಿಸಿಲಿಗೆಂದು ಕಾದಿದ್ದೆ.
ಒಂಬತ್ತನೆಯದು ಒತ್ತುವಷ್ಟರಲ್ಲಿ
ಅವರು ಹೋಗಿ, ಜನ ಇಳಿಸಿ, ಜನ ಹತ್ತಿಸಿ, ಹೊರಟಿದ್ದರು.

ಬೆಳಿಗ್ಗೆ ಅವರಿಗೇ ತೋರಿಸಿದೆ.
"ನಾನೆಲ್ಲಿ?" ಎಂದು ತುಂಬ ಹೊತ್ತು ಹುಡುಕಿದರು.
ಆಮೇಲೆ ನಕ್ಕರು. "ಒಳ್ಳೆದೇ ಆಯ್ತು ಮಾರಾಯ್ತಿ,
ತಿರುಗಿಸುವ ಕೆಲಸವೇ ಇಲ್ಲ."
ಮತ್ತೆ ಡೀಸೆಲ್ ವಾಸನೆಯ ಹೆಬ್ಬೆರಳನ್ನು
ಚಿತ್ರದ ಎಡತುದಿಗೆ, ಬರೀ ಮರಳು ಇದ್ದಲ್ಲಿ, ಒತ್ತಿ ಕೇಳಿದರು,
"ಇಲ್ಲಿ ಲೈಟು ಕಂಬ ಇತ್ತಲ್ಲ, ಅದನ್ನೂ ನೀನೇ ಅಳಿಸಿದ್ದಾ?"
ಅಲ್ಲ ಎಂದೆ.
ಅವರು ಏನೂ ಹೇಳದೆ ಹಗ್ಗ ಬಿಚ್ಚಿದರು.

ಸಂಘಕ್ಕೆ ಕೊಟ್ಟ ಚಿತ್ರದಲ್ಲಿ ದೋಣಿ ಒಂದೇ, ಮೂತಿ ಒಂದೇ,
ಚುಕ್ಕಾಣಿಯ ಹತ್ತಿರ ಬಿಳಿ ಟೊಪ್ಪಿ.
ಸ್ಕ್ರಿಪ್ಟಿನ ನಲವತ್ತನೆಯ ಸಾಲಿನ ಮೇಲೆ
ಯಂತ್ರ ಓದದೆ ದಾಟುವ ಹಾಗೆ ಜಾಲರಿ ಗುರುತು ಹಾಕಿ
ನನಗೆ ನಾನೇ ಬರೆದುಕೊಂಡಿದ್ದೇನೆ:
# ಇದ್ದಿನಬ್ಬರು ಆಚೆ ಮುಟ್ಟುವವರೆಗೆ ಕಾಯುವುದು